ಮಾವನವರನ್ನು ಸಿನಗಾಗ್‌ನ ಶನಿವಾರದ ಪಾಠಕ್ಕೆ ಕರೆದುಕೊಂಡು ಹೋಗುವ ಮುನ್ನ

ನಮಸ್ಕಾರ. ನ್ಯೂಜೆರ್ಸಿಗೆ ಹೊಸದಾಗಿ ಬಂದಿದ್ದೀರಿ. ಪಕ್ಕದ ಮನೆಯ ಯಹೂದಿ ದಂಪತಿ ತಮ್ಮ ಪ್ರಾರ್ಥನಾ ಮಂದಿರವಾದ ಸಿನಗಾಗ್‌ನ ಶನಿವಾರ ಬೆಳಗಿನ ತೋರಾ (ಅವರ ಮೂಲ ಧರ್ಮಗ್ರಂಥ) ಅಧ್ಯಯನಕ್ಕೆ ನಿಮ್ಮನ್ನೂ ಊರಿಂದ ಬಂದಿರುವ ನಿವೃತ್ತ ಮಾವನವರನ್ನೂ ಕರೆದಿದ್ದಾರೆ. ಹೋಗಬಹುದೇ, ಮತಾಂತರದ ಒತ್ತಾಯ ಇರುತ್ತದೆಯೇ, ಏನು ತಗೊಂಡು ಹೋಗಬೇಕು ಅಂತ ಕೇಳಿದ್ದೀರಿ.

ಖಂಡಿತ ಹೋಗಿ. ಮತಾಂತರದ ಭಯ ಬೇಡವೇ ಬೇಡ. ತಾವಾಗಿಯೇ ಯಹೂದಿ ಆಗುತ್ತೇನೆಂದು ಬಂದವರಿಗೂ ಅಲ್ಲಿ ತಿಂಗಳುಗಟ್ಟಲೆ ಪಾಠ, ಆಮೇಲೆ ಮೂವರು ಕೂತ ಧಾರ್ಮಿಕ ಮಂಡಳಿಯ ಮುಂದೆ ವಿಚಾರಣೆ ಇರುತ್ತದೆ. ಪಾಠ ಕೇಳಲು ಬಂದವರನ್ನು ಯಾರೂ ಎಳೆದುಕೊಳ್ಳುವುದಿಲ್ಲ. ಈ ವಯಸ್ಸಿನಲ್ಲಿ ಏನು ಕಲಿಯೋದು ಅಂತ ಮಾವನವರು ಅಂದರೆ, ಸಾಯುವ ದಿನದವರೆಗೂ ಓದಲೇಬೇಕು ಎಂಬುದು ಯಹೂದಿ ಧರ್ಮದಲ್ಲಿ ಕರ್ತವ್ಯ ಅಂತ ಹೇಳಿ. 12ನೇ ಶತಮಾನದ ಯಹೂದಿ ಪಂಡಿತ ಮೈಮೊನಿಡೀಸ್ ಅದನ್ನು ಧರ್ಮನಿಯಮವಾಗಿಯೇ ಬರೆದಿಟ್ಟಿದ್ದಾನೆ. ಆ ಕೋಣೆಯಲ್ಲಿ ಅವರ ವಯಸ್ಸಿನವರೇ ಹೆಚ್ಚು ಇದ್ದರೂ ಆಶ್ಚರ್ಯವಿಲ್ಲ.

ಮೊದಲು ಅದು ಯಾವ ಪಂಥದ ಸಿನಗಾಗ್ ಅಂತ ತಿಳಿದುಕೊಳ್ಳಿ. ಉದಾರ ಧೋರಣೆಯ ರಿಫಾರ್ಮ್ ಆಗಿದ್ದರೆ ಹೊರಗಿನವರು ಬಂದು ಕೂರುವುದು ಮಾಮೂಲು. ನಡುವಿನ ದಾರಿಯ ಕನ್ಸರ್ವೇಟಿವ್‌ನಲ್ಲೂ ಸಾಮಾನ್ಯವಾಗಿ ಅಡ್ಡಿಯಿಲ್ಲ. ಕಟ್ಟಾ ಸಂಪ್ರದಾಯದ ಆರ್ಥೊಡಾಕ್ಸ್ ಆದರೆ ಅಲ್ಲಿನ ಧರ್ಮಗುರು ರಬ್ಬಿಯನ್ನು ಮುಂಚೆ ಕೇಳಬೇಕು. ಬೇರೆಯವರಿಗೆ ತೋರಾ ಕಲಿಸಬಹುದೇ ಎಂಬ ಚರ್ಚೆ ಹಳೆಯ ಧರ್ಮಚರ್ಚೆಗಳ ಸಂಗ್ರಹವಾದ ತಾಲ್ಮುದ್‌ನಲ್ಲೇ ಇದೆ, ಕೆಲವರು ಅದನ್ನು ಗಟ್ಟಿಯಾಗಿ ಪಾಲಿಸುತ್ತಾರೆ. ಬೇಡ ಅಂದರೆ ಅವಮಾನ ಅಂದುಕೊಳ್ಳಬೇಡಿ.

ಪಾಠ ನಡೆಯುವ ಕ್ರಮ ಹೀಗೆ. ತೋರಾದ ಐದು ಗ್ರಂಥಗಳನ್ನು 54 ಪಾಲು ಮಾಡಿದ್ದಾರೆ, ಒಂದೊಂದಕ್ಕೆ ಪರಾಶಾ ಅನ್ನುತ್ತಾರೆ. ವಾರಕ್ಕೊಂದು, ಕೆಲವು ವಾರ ಎರಡು ಓದಿ ವರ್ಷಕ್ಕೆ ಮುಗಿಸುತ್ತಾರೆ. ಶರತ್ಕಾಲದ ಸಿಮ್ಖಾತ್ ತೋರಾ ಹಬ್ಬದ ದಿನ ಕೊನೆಯ ಸಾಲು ಓದಿದ ಕೂಡಲೇ ಮೊದಲ ಅಧ್ಯಾಯ ಶುರು. ಹೊಸಬರು ಸೇರಲು ಅದರ ಮುಂದಿನ ಶನಿವಾರವೇ ಒಳ್ಳೆಯದು. ಆದರೆ ಅದಕ್ಕಾಗಿ ಕಾಯಬೇಕಿಲ್ಲ.

ಮಾವನವರಿಗೆ ಇಂಗ್ಲಿಷ್ ಓದು ಕಷ್ಟವಾದರೆ ಒಂದು ದಾರಿ ಇದೆ. ಕನ್ನಡ ಬೈಬಲ್‌ನ ಮೊದಲ ಐದು ಪುಸ್ತಕಗಳು, ಆದಿಕಾಂಡದಿಂದ ಧರ್ಮೋಪದೇಶಕಾಂಡದವರೆಗೆ, ಇವೇ. ಅಧ್ಯಾಯ ಮತ್ತು ವಚನಗಳ ಸಂಖ್ಯೆ ಬಹುಪಾಲು ಹೊಂದುತ್ತದೆ, ಅಲ್ಲಲ್ಲಿ ಒಂದೆರಡು ವಚನ ಹಿಂದುಮುಂದಾಗುತ್ತದೆ ಅಷ್ಟೆ. ಅಲ್ಲಿ ಮಾತಾಡುವಾಗ ಮಾತ್ರ ‘ಹಳೆಯ ಒಡಂಬಡಿಕೆ’ ಅನ್ನಬೇಡಿ. ಅದು ಕ್ರೈಸ್ತರು ಇಟ್ಟ ಹೆಸರು. ಈ ಐದಕ್ಕೆ ತೋರಾ, ಇಡೀ ಹೀಬ್ರೂ ಬೈಬಲ್‌ಗೆ ತನಖ್ ಅನ್ನಿ. ಈ ವಾರದ ಪಾಲು ಯಾವುದು ಅಂತ ಸೆಫಾರಿಯಾ ಜಾಲತಾಣದಲ್ಲಿ ಸಿಗುತ್ತದೆ, ಮೂಲ, ಅನುವಾದ, ವ್ಯಾಖ್ಯಾನ ಎಲ್ಲವೂ ಉಚಿತ. ಪ್ರತಿ ಪಾಲಿನಲ್ಲಿ ಏಳು ಭಾಗಗಳಿರುತ್ತವೆ. ಗುರುವಾರ ಅರ್ಧ ಗಂಟೆ ಕೂತು ಮೊದಲ ಭಾಗವನ್ನಷ್ಟೇ ಎರಡು ಸಲ ಓದಿ ಒಂದು ಪ್ರಶ್ನೆ ಇಟ್ಟುಕೊಂಡರೆ ಸಾಕು. ಪೂರ್ತಿ ಓದಲು ಹೋದವರು ಏನೂ ನೆನಪಿಲ್ಲದೆ ಬರುತ್ತಾರೆ.

ಎಷ್ಟು ನಿಧಾನವಾಗಿ ಓದುತ್ತಾರೆ ಎಂಬುದಕ್ಕೆ ಆದಿಕಾಂಡ 18 ನೋಡಿ. ಸುಡುಬಿಸಿಲಿನಲ್ಲಿ ಅಬ್ರಹಾಮ ಗುಡಾರದ ಬಾಗಿಲಲ್ಲಿ ಕೂತಿದ್ದಾನೆ. ಮೊದಲ ವಚನದಲ್ಲಿ ದೇವರು ಕಾಣಿಸಿಕೊಳ್ಳುತ್ತಾನೆ, ಎರಡನೆಯದರಲ್ಲಿ ಮೂವರು ಮನುಷ್ಯರು ನಿಂತಿರುತ್ತಾರೆ, ಅಬ್ರಹಾಮ ಅವರತ್ತ ಓಡುತ್ತಾನೆ. ಇದು ಒಂದೇ ಘಟನೆಯೋ ಎರಡೋ? ಮೂರನೆಯ ವಚನದ ‘ದಾಟಿ ಹೋಗಬೇಡ’ ಎಂಬ ಬೇಡಿಕೆ ಅತಿಥಿಗಳಿಗೋ ದೇವರಿಗೋ? 11ನೇ ಶತಮಾನದ ವ್ಯಾಖ್ಯಾನಕಾರ ರಾಶಿ ಎರಡು ಅರ್ಥವನ್ನೂ ಕೊಡುತ್ತಾನೆ. ದೇವರಿಗೇ ಅಂದುಕೊಂಡರೆ, ಅತಿಥಿಗಳನ್ನು ನೋಡಿಕೊಂಡು ಬರುವವರೆಗೆ ದೇವರನ್ನೇ ಕಾಯಿಸಿದ ಹಾಗಾಯಿತು. ದೇವರ ದರ್ಶನಕ್ಕಿಂತ ಅತಿಥಿ ಸತ್ಕಾರ ದೊಡ್ಡದು ಎಂದು ತಾಲ್ಮುದ್ ಹೇಳುವುದು ಇಲ್ಲಿಂದಲೇ. ಎಂಟನೆಯ ವಚನದಲ್ಲಿ ಮೊಸರು, ಹಾಲು, ಕರುವಿನ ಮಾಂಸ ಒಟ್ಟಿಗೆ ಬಡಿಸುತ್ತಾನೆ. ಊಟದಲ್ಲಿ ಹಾಲು ಮಾಂಸ ಬೆರೆಸದ ಯಹೂದಿಗಳ ಮೂಲಪುರುಷ ಹೀಗೇಕೆ ಮಾಡಿದ? ಈ ಎಂಟು ವಚನಕ್ಕೇ ಒಂದು ಬೆಳಿಗ್ಗೆ ಕಳೆದುಹೋಗುತ್ತದೆ, ಹೋಗಲೂಬೇಕು.

ಕೆಲವು ಕಡೆ ಇಬ್ಬಿಬ್ಬರನ್ನು ಜೋಡಿ ಮಾಡಿ ಒಂದೇ ಪುಟ ಕೊಡುತ್ತಾರೆ. ಇದು ಖೆವ್ರೂತಾ. ಒಬ್ಬರು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ತಡೆದು ಕೇಳುವುದು. ನಿಮ್ಮ ಮಾತಿಗೆ ಎದುರಿನವರು ತಕ್ಷಣ ಎದುರುವಾದ ಹೂಡಿದರೆ ಅದು ಒರಟುತನವಲ್ಲ, ನಿಮ್ಮ ಮಾತನ್ನು ಲಕ್ಷ್ಯಕ್ಕೆ ತಗೊಂಡಿದ್ದಾರೆ ಅಂತ ಅರ್ಥ. ನಮ್ಮವರಿಂದ ಆಗುವ ತೊಂದರೆ ಬೇರೆ. ಪ್ರತಿ ಸಾಲಿಗೂ ‘ನಮ್ಮ ಉಪನಿಷತ್ತಿನಲ್ಲೂ ಇದೇ ಇದೆ’ ಅನ್ನುವುದು. ಒಂದು ಸಲ ಅಂದರೆ ಎಲ್ಲರೂ ಆಸೆಯಿಂದ ಕೇಳುತ್ತಾರೆ. ಮೂರನೆಯ ಸಲಕ್ಕೆ ಚರ್ಚೆ ಪುಟ ಬಿಟ್ಟು ಹೋಗಿರುತ್ತದೆ.

ಒಳಗೆ ಹೋಗುವಾಗ ಚಪ್ಪಲಿ ಬಿಡಬೇಡಿ, ಅಲ್ಲಿ ಬೂಟು ಹಾಕಿಕೊಂಡೇ ಇರುತ್ತಾರೆ. ಗಂಡಸರು ಬಾಗಿಲ ಬಳಿಯ ಡಬ್ಬಿಯಿಂದ ಕಿಪ್ಪಾ ಎಂಬ ಪುಟ್ಟ ಟೋಪಿ ತಗೊಂಡು ತಲೆಗೆ ಇಟ್ಟುಕೊಳ್ಳಲಿ. ಅಂಚಿನಲ್ಲಿ ದಾರದ ಗೊಂಡೆ ಇರುವ ಶಾಲು ಯಹೂದಿಗಳಿಗೆ ಮಾತ್ರ, ಅದನ್ನು ಹೊದೆಯಬೇಡಿ. 2018ರಲ್ಲಿ ಪಿಟ್ಸ್‌ಬರ್ಗ್‌ನ ಸಿನಗಾಗ್‌ನಲ್ಲಿ ಗುಂಡು ಹಾರಿಸಿ 11 ಜನರನ್ನು ಕೊಂದ ಮೇಲೆ ಕಾವಲು ಬಿಗಿಯಾಗಿದೆ, ಹೆಸರು ಮೊದಲೇ ಕೊಟ್ಟಿರಿ. ಸ್ವಸ್ತಿಕದ ಪದಕವಿದ್ದರೆ ಮನೆಯಲ್ಲೇ ಇರಲಿ. ನಮಗೆ ಅದು ಮಂಗಳ, ಅಲ್ಲಿ ಕೂತವರ ಮನೆಯವರನ್ನು ಕೊಂದ ನಾಜಿಗಳ ಬಾವುಟದಲ್ಲಿ ಇದ್ದದ್ದು ಅದೇ ಆಕಾರ. ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿಯವರೆಗೆ ಅವರಿಗೆ ಕೆಲಸ ಮಾಡದ ವಿಶ್ರಾಂತಿಯ ದಿನ, ಶಬ್ಬಾತ್. ಆರ್ಥೊಡಾಕ್ಸ್ ಮತ್ತು ಹಲವು ಕನ್ಸರ್ವೇಟಿವ್ ಸಿನಗಾಗ್‌ಗಳಲ್ಲಿ ಶನಿವಾರ ಫೋನು ತೆಗೆಯುವಂತಿಲ್ಲ, ಬರೆದುಕೊಳ್ಳುವಂತಿಲ್ಲ. ದುಡ್ಡೂ ಕೊಡಬೇಡಿ. ಕಾಣಿಕೆ ಕೊಡುವ ಮನಸ್ಸಿದ್ದರೆ ವಾರದ ಮಧ್ಯೆ ಚೆಕ್ ಕಳಿಸಿ, 18 ಅಥವಾ 36 ಡಾಲರ್ ಹೀಗೆ 18ರ ಲೆಕ್ಕದಲ್ಲಿ ಕೊಡುವುದು ರೂಢಿ.

ಪುಸ್ತಕ ನೆಲದ ಮೇಲೆ ಇಡಬಾರದು. ಬಿದ್ದರೆ ನಾವು ಕಣ್ಣಿಗೊತ್ತಿಕೊಳ್ಳುವ ಹಾಗೆ ಅವರು ಎತ್ತಿ ಮುತ್ತಿಡುತ್ತಾರೆ. ದೇವರ ಹೆಸರಿರುವ ಹಾಳೆ ಹರಿದರೂ ಕಸಕ್ಕೆ ಹಾಕದೆ ಕೂಡಿಟ್ಟು ಹೂಳುತ್ತಾರೆ. ಇದೇ ಪದ್ಧತಿಯಿಂದ ಹಳೆಯ ಕೈರೋದ ಸಿನಗಾಗ್‌ನ ಉಗ್ರಾಣದಲ್ಲಿ ಉಳಿದ ಕಾಗದಗಳಲ್ಲಿ, 12ನೇ ಶತಮಾನದಲ್ಲಿ ನಮ್ಮ ಮಂಗಳೂರಿನಲ್ಲಿ ನೆಲೆಸಿದ್ದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜುವಿನ ಪತ್ರಗಳೂ ಸಿಕ್ಕಿವೆ. ಮಾವನವರು ಆ ಕೋಣೆಯಲ್ಲಿ ಹೇಳಲು ತಕ್ಕ ವಿಷಯ ಅಂದರೆ ಇದು.

ಊಟದ ವಿಷಯ. ಪ್ರಾರ್ಥನೆಯ ನಂತರ ಕಿದ್ದುಶ್ ಎಂಬ ಉಪಾಹಾರ ಇರುತ್ತದೆ. ಹಲ್ಲಾ ಬ್ರೆಡ್ಡಿನಲ್ಲೂ ನೂಡಲ್ ಅಥವಾ ಆಲೂಗಡ್ಡೆಯ ತಿನಿಸಾದ ಕೂಗಲ್‌ನಲ್ಲೂ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ, ಚೋಲೆಂಟ್ ಎಂಬ ಗಟ್ಟಿ ಸಾರು ಹೆಚ್ಚಾಗಿ ದನದ ಮಾಂಸದ್ದು. ಶುದ್ಧ ಸಸ್ಯಾಹಾರಿಗಳಾದರೆ ಹಣ್ಣು, ಸಲಾಡ್ ನೋಡಿಕೊಳ್ಳಿ. ಮನೆಯ ಚಕ್ಕುಲಿ, ಮೈಸೂರ್ ಪಾಕ್ ಒಯ್ಯಬೇಡಿ. ಎಷ್ಟೇ ಮಡಿಯಲ್ಲಿ ಮಾಡಿದ್ದರೂ ನಮ್ಮ ಅಡುಗೆಮನೆ ಕೋಷರ್ ಅಲ್ಲ, ಅಂದರೆ ಅವರ ಆಹಾರನಿಯಮಕ್ಕೆ ಒಳಪಟ್ಟದ್ದಲ್ಲ. ಕೊಡಲೇಬೇಕಾದರೆ ವೃತ್ತದೊಳಗೆ ‘ಯು’ ಅಕ್ಷರದಂಥ ಕೋಷರ್ ಮುದ್ರೆ ಇರುವ, ಒಡೆಯದ ಪೊಟ್ಟಣವನ್ನು ಶುಕ್ರವಾರ ಸಂಜೆಗೆ ಮುಂಚೆ ಪಕ್ಕದ ಮನೆಯವರ ಕೈಗೆ ಕೊಡಿ.

ದಿನಕ್ಕೊಂದು ಹಾಳೆಯಂತೆ ತಾಲ್ಮುದ್ ಓದುವ ದಫ್ ಯೋಮಿಗೂ ಯಾರಾದರೂ ಕರೆಯಬಹುದು. 1923ರಲ್ಲಿ ರಬ್ಬಿ ಮೇಯಿರ್ ಶಪಿರೋ ಶುರು ಮಾಡಿಸಿದ್ದು. 2711 ಹಾಳೆ, ಸುಮಾರು ಏಳೂವರೆ ವರ್ಷ. 2020ರ ಜನವರಿ 5ರಂದು ಆರಂಭವಾದ ಸುತ್ತು 2027ರ ಜೂನ್ 7ಕ್ಕೆ ಮುಗಿಯುತ್ತದೆ. ಹೊಸಬರಿಗೆ ಇದು ಬೇಡ ಎಂದೇ ನನ್ನ ಅಭಿಪ್ರಾಯ. ಒಂದು ದಿನ ತಪ್ಪಿದರೆ ಮರುದಿನ ಎರಡು ಹಾಳೆ, ವಾರ ತಪ್ಪಿದರೆ ಬಿಟ್ಟೇಬಿಡುತ್ತಾರೆ. ಒಂದು ವರ್ಷ ಶನಿವಾರದ ಪಾಠ ಆಗಲಿ, ಆಮೇಲೆ ನೋಡಿ.

ಈಗ ಸಿನಗಾಗ್ ಕಚೇರಿಗೆ ಒಂದು ಇಮೇಲ್ ಹಾಕಿ. ನಾವು ಹಿಂದೂಗಳು, ಇಂಥವರು ಕರೆದಿದ್ದಾರೆ, ಇಬ್ಬರು ಬರಬಹುದೇ, ಯಾವ ಬಾಗಿಲಿಂದ ಬರಬೇಕು, ಪುಸ್ತಕ ಅಲ್ಲೇ ಸಿಗುತ್ತದೆಯೇ ಅಂತ ಕೇಳಿ. ಶುಕ್ರವಾರ ಮಧ್ಯಾಹ್ನದೊಳಗೆ ಉತ್ತರ ಬರದಿದ್ದರೆ ಸೋಮವಾರಕ್ಕೆ ಮುಂಚೆ ನಿರೀಕ್ಷಿಸಬೇಡಿ.