ನನ್ನ ಇಷ್ಟದ ಹಕ್ಕಿ ಟಿಟ್ಟಿಭ, ಅದೂ ನಮ್ಮ ಪ್ಲಾಟಿನದ್ದು

ಇಷ್ಟದ ಹಕ್ಕಿ ಯಾವುದು, ದಿನಾ ಓಡಾಡೋ ಜಾಗದಲ್ಲಿ ಅದರ ಜೊತೆ ಮರೆಯದಂಥದ್ದು ಏನಾದರೂ ನಡೆದಿದೆಯಾ ಅಂತ ಕೇಳಿದ್ದೀರಿ. ನಂದು ಟಿಟ್ಟಿಭ. ನವಿಲು ಅಂದಿದ್ದರೆ ಚೆನ್ನಾಗಿ ಕಾಣುತ್ತಿತ್ತೇನೋ, ಆದರೆ ನಿಜ ಇದೇ.

ಹೆಸರು ಗೊತ್ತಿಲ್ಲದಿದ್ದರೂ ಕೂಗು ಕೇಳಿರುತ್ತೀರಿ. ಉದ್ದ ಹಳದಿ ಕಾಲು, ಕಂದು ಬೆನ್ನು, ಕಪ್ಪು ಎದೆ, ಕಣ್ಣಿನ ಮುಂದೆ ಕೆಂಪು ಚರ್ಮದ ತುಣುಕು. ಗಿಡದ ಮೇಲೆ ಕೂರುವ ಹಕ್ಕಿ ಅಲ್ಲ, ಏನಿದ್ದರೂ ನೆಲದ ಮೇಲೆ. ಯಾರಾದರೂ ಹತ್ತಿರ ಬಂದರೆ ಸಾಕು, ಟಿಟ್ಟೀ ಟಿಟಿಟ್ ಅಂತ ಊರೆಲ್ಲ ಒಂದು ಮಾಡುತ್ತದೆ. ರಾತ್ರಿ ಎರಡು ಗಂಟೆಗೂ ಬಿಡಲ್ಲ.

ಗದಗದ ಹತ್ತಿರ ಮಾಗಡಿ ಕೆರೆಗೂ ಹೋಗಿ ಬಂದಿದ್ದೇನೆ. ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಒಮ್ಮೆಲೇ ಎದ್ದಾಗ ಮೈ ಜುಮ್ಮೆನ್ನುತ್ತದೆ, 2024ರಲ್ಲಿ ಆ ಕೆರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದಾಗ ಖುಷಿಯೂ ಆಯಿತು. ಆದರೂ ಅವು ವರ್ಷಕ್ಕೊಮ್ಮೆ ಬಂದು ಹೋಗೋ ಬೀಗರು. ಟಿಟ್ಟಿಭ ಬಾಗಿಲಿಗೇ ಬಂದು ಬೈಯೋ ಮಗ್ಗಲ ಮನೆಯಾಕೆ.

2023ರ ಏಪ್ರಿಲ್. ಧಾರವಾಡದ ಅಂಚಿನ ಒಂದು ಹೊಸ ಲೇಔಟಿನಲ್ಲಿ ನಮ್ಮ ಮನೆ ಕಟ್ಟುವ ಕೆಲಸ ನಡೆದಿತ್ತು. ಗೋಡೆಗೆ ನೀರು ಹೊಡೆಯೋದು ನನ್ನ ಪಾಲಿಗೆ ಬಂದಿತ್ತು, ಆಫೀಸಿಗೆ ಹೋಗುವ ಮುಂಚೆ ಒಮ್ಮೆ, ಸಂಜೆ ಒಮ್ಮೆ. ಪೈಪ್ ಹಿಡಿದು ಹಿಂದಿನ ಗೋಡೆ ಕಡೆ ತಿರುಗಿದರೆ ಸಾಕು, ಈ ಹಕ್ಕಿ ಎಲ್ಲಿಂದಲೋ ಬಂದು ನನ್ನ ತಲೆ ಮೇಲೇ ಹಾಯುತ್ತಿತ್ತು. ಮೂರು ದಿನ ಸುಮ್ನೆ ಇದ್ದೆ. ನಾಲ್ಕನೇ ದಿನ ಒಂದು ಹೆಂಟೆ ಎತ್ತಿಕೊಂಡೆ, ಎಸೆಯೋಕೆ.

"ಬ್ಯಾಡ್ರಿ ಅಕ್ಕಾರ, ತತ್ತಿ ಇಟ್ಟೈತಿ ಅದು" ಅಂದ ನಮ್ಮ ಗೌಂಡಿ.

ಎಲ್ಲಿ ಅಂದೆ. ನಿಮ್ಮ ಕಾಲ ಹತ್ತಿರಾನೇ ನೋಡ್ರಿ ಅಂದ. ನೋಡಿದೆ, ಏನೂ ಇಲ್ಲ. ಅವನು ಕಡ್ಡಿ ತಗೊಂಡು ತೋರಿಸಿದ ಮೇಲೂ ಕಣ್ಣಿಗೆ ಬೀಳೋಕೆ ಸ್ವಲ್ಪ ಹೊತ್ತು ಬೇಕಾಯಿತು. ಹುಲ್ಲಿಲ್ಲ, ಕಡ್ಡಿಯಿಲ್ಲ, ನೆಲದಲ್ಲಿ ಅಂಗೈಯಷ್ಟು ತಗ್ಗು, ಸುತ್ತ ಸಣ್ಣ ಖಡಿ ಚೂರು ಮತ್ತು ಆಡಿನ ಹಿಕ್ಕೆ. ಒಳಗೆ ನಾಲ್ಕು ಮೊಟ್ಟೆ, ಚೂಪಾದ ತುದಿಗಳೆಲ್ಲ ಒಳಮುಖವಾಗಿ, ಮಣ್ಣಿನ ಬಣ್ಣದ ಮೇಲೆ ಕಪ್ಪು ಮಚ್ಚೆ. ನಾನು ನಾಲ್ಕು ದಿನದಿಂದ ಅದರ ಪಕ್ಕದಲ್ಲೇ ಪೈಪ್ ಎಳೆದಾಡಿದ್ದೆ! ಗೌಂಡಿ ನಾಲ್ಕು ಇಟ್ಟಂಗಿ ತಂದು ಸ್ವಲ್ಪ ದೂರ ಬಿಟ್ಟು ನಾಲ್ಕು ಮೂಲೆಗೆ ಇಟ್ಟ. ಅವತ್ತಿನಿಂದ ಆಳುಗಳೆಲ್ಲ ಅದನ್ನ ಸುತ್ತು ಹಾಕಿಕೊಂಡೇ ಓಡಾಡಿದರು.

ಆಮೇಲೆ ನೀರು ಹೊಡೆಯೋದು ಬೇಜಾರಾಗಲಿಲ್ಲ. ಗೋಡೆಯಿಂದ ಇಳಿದ ನೀರು ಒಂದು ಕಡೆ ನಿಲ್ಲುತ್ತಿತ್ತು ಅಲ್ವಾ, ಬಿಸಿಲೇರಿದ ಮೇಲೆ ಹಕ್ಕಿ ಅಲ್ಲಿಗೆ ಬಂದು ಹೊಟ್ಟೆ ಮುಳುಗೋ ಹಾಗೆ ಕೂತು ಒಂದೆರಡು ಸಲ ಮೈ ಅಲುಗಿಸಿ ಎದ್ದು, ಹನಿ ತೊಟ್ಟಿಕ್ಕಿಸಿಕೊಂಡೇ ಲಗುಬಗೆಯಿಂದ ನಡೆದು ಹೋಗಿ ಮೊಟ್ಟೆ ಮೇಲೆ ಕೂರುತ್ತಿತ್ತು. ಸ್ನಾನ ಮಾಡುತ್ತಿದೆ ಅಂದುಕೊಂಡಿದ್ದೆ. ಅಲ್ಲ, ಹೊಟ್ಟೆಯ ಪುಕ್ಕ ನೆನೆಸಿಕೊಂಡು ಹೋಗಿ ಮೊಟ್ಟೆ ತಂಪು ಮಾಡುವ ರೀತಿ ಅದು. ಗಂಡು ಹೆಣ್ಣು ಎರಡೂ ಸರದಿ ಮೇಲೆ ಕೂರುತ್ತವೆ, ಹೆಚ್ಚುಕಡಿಮೆ ನಾಲ್ಕು ವಾರ. ನಾಯಿ ಬಂದರೆ ರೆಕ್ಕೆ ಮುರಿದವರ ಹಾಗೆ ನೆಲಕ್ಕೆ ಎಳೆದುಕೊಂಡು ಕುಂಟುತ್ತಾ ಅದನ್ನ ದೂರ ಕರೆದೊಯ್ಯೋದು. ಆಡು ಬಂದರೆ ಆ ನಾಟಕ ಇಲ್ಲ, ಎದುರಿಗೇ ರೆಕ್ಕೆ ಬಿಚ್ಚಿ ನಿಂತು ಬೈಯೋದು. ಯಾರಿಗೆ ಏನು ಮಾಡಬೇಕು ಅಂತ ಅದಕ್ಕೆ ಚೆನ್ನಾಗಿ ಗೊತ್ತು.

ಖಡಿ ಲಾರಿ ಬಂದ ದಿನ ಮಾತ್ರ ಎದೆ ಬಡಿದುಕೊಂಡಿತು. ಖಡಿ ಹಿಂದೆ ಸುರಿಯಿರಿ ಅಂತ ತಿಂಗಳ ಹಿಂದೆ ನಾನೇ ಹೇಳಿ ಮರೆತಿದ್ದೆ. ಗೌಂಡಿ ಫೋನ್ ಮಾಡಿದ, ಹಿಂದಿನಿಂದ ಡ್ರೈವರ್ ಕೂಗೋದು ಕೇಳುತ್ತಿತ್ತು, ನಾಲ್ಕು ತತ್ತಿ ಸಲುವಾಗಿ ಗಾಡಿ ತಿರುಗಿಸಬೇಕೇನ್ರಿ ಅಂತ. ಕೊನೆಗೆ ರಸ್ತೆ ಮೇಲೇ ಸುರಿದು ಹೋದ. ಎದುರು ಮನೆಯವರ ಕಾರು ಹೊರಗೆ ಬರೋಕೆ ಆಗಲಿಲ್ಲ, ಅವರ ಹತ್ತಿರ ಬೈಸಿಕೊಂಡಿದ್ದಾಯಿತು. ಎರಡು ದಿನ ಆಳುಗಳು ಬುಟ್ಟಿಯಲ್ಲಿ ಹೊತ್ತರು. "ಈ ಪಗಾರ ನಿನ್ನ ಹಕ್ಕಿ ಕೊಡತೈತೇನು?" ಅಂತ ನಮ್ಮನೆಯವರು ಕೇಳಿದರು. ಉತ್ತರ ಇರಲಿಲ್ಲ, ನಕ್ಕೆ.

ಮೂರು ಮರಿ ಆದವು, ಒಂದು ಮೊಟ್ಟೆ ಹಾಗೇ ಉಳಿಯಿತು. ಕೋಳಿಮರಿ ಥರ ಇವಕ್ಕೂ ಹುಟ್ಟಿದ ಮೇಲೆ ಗೂಡಿನ ಹಂಗಿಲ್ಲ, ಅವತ್ತೇ ಎದ್ದು ಓಡಾಡಿ ತಾವೇ ಹುಳ ಹೆಕ್ಕುತ್ತವೆ. ತಾಯಿ ಒಂದು ಸಲ ಕೂಗಿದರೆ ಇದ್ದಲ್ಲೇ ಕುಸಿದು ಕಲ್ಲಾಗಿಬಿಡುತ್ತವೆ. ಒಂದು ನನ್ನ ಚಪ್ಪಲಿಯಿಂದ ಗೇಣು ದೂರದಲ್ಲಿ ಹಾಗೆ ಬಿದ್ದಿತ್ತು, ಕಣ್ಣು ಮಾತ್ರ ತೆರೆದಿತ್ತು. ನಾನು ಹಿಂದೆ ಸರಿಯೋವರೆಗೂ ಅದು ಅಲುಗಲಿಲ್ಲ. ವಾರದಲ್ಲಿ ಎರಡು ಉಳಿದವು. ಕಾಗೆಯೋ ಬೆಕ್ಕೋ, ನಾನು ನೋಡಲಿಲ್ಲ.

ಇದಕ್ಕೊಂದು ಬಾಲವೂ ಇದೆ. ಟಿಟ್ಟಿಭ ಎತ್ತರದಲ್ಲಿ ಮೊಟ್ಟೆ ಇಟ್ಟರೆ ಮಳೆ ಜೋರು, ತಗ್ಗಿನಲ್ಲಿ ಇಟ್ಟರೆ ಮಳೆ ಇಲ್ಲ ಅಂತ ನವಲಗುಂದ ಕಡೆ ಇರೋ ನಮ್ಮ ಮಾವ ಹೇಳುತ್ತಾರೆ. ನಮ್ಮ ಪ್ಲಾಟು ರಸ್ತೆಗಿಂತ ತಗ್ಗು. ಆ ವರ್ಷ ಮಳೆ ಕೈಕೊಟ್ಟು, ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಘೋಷಿಸಿತು. ಪ್ಲಾಟು ತಗ್ಗಿದ್ದರೆ ಹಕ್ಕಿ ಎತ್ತರ ಎಲ್ಲಿಂದ ತರಬೇಕು ಮಾಮಾ ಅಂದೆ. ಅವರು ಒಪ್ಪಲಿಲ್ಲ, ಈಗಲೂ ಮದುವೆ ಮುಂಜಿಯಲ್ಲಿ ಸಿಕ್ಕವರಿಗೆಲ್ಲ ಈ ಲೆಕ್ಕ ಹೇಳುತ್ತಾರೆ.

ಈ ವರ್ಷ ಮಾರ್ಚ್‌ನಲ್ಲಿ ಕಾಂಪೌಂಡ್ ಕಟ್ಟೋಕೆ ಅದೇ ಗೌಂಡಿ ಬಂದಿದ್ದ. ಸಾಮಾನು ಇಳಿಸೋ ಮುಂಚೆ ತಲೆ ತಗ್ಗಿಸಿಕೊಂಡು ಜಾಗದ ತುಂಬ ಒಂದು ಸುತ್ತು ನಿಧಾನಕ್ಕೆ ನಡೆದ. ಆಮೇಲೆ ಬಂದು ಹೇಳಿದ, "ಈ ಸಲ ಇಲ್ಲಿಲ್ರಿ ಅಕ್ಕಾರ, ಹಿಂದಿನ ಪ್ಲಾಟಿನ್ಯಾಗ ಐತಿ. ಇಟ್ಟಂಗಿ ಇಟ್ಟು ಬಂದೇನಿ."