ಚದುರಂಗದ ‘ಎರಡು ಕುದುರೆಗಳ ರಕ್ಷಣೆ’ ಎಂಬ ಆರಂಭದಲ್ಲಿ ಕಪ್ಪು ಬೇಗ ಸೋಲುವುದೇಕೆ?

ಹವ್ಯಾಸಿ ಟೂರ್ನಿಯೊಂದರಲ್ಲಿ ಕಪ್ಪು ಕಾಯಿಗಳೊಡನೆ ಆಡಿದ ನಿಮ್ಮ ಆಟವು ಇ4 ಇ5, ಕುದುರೆ ಎಫ್3 ಕುದುರೆ ಸಿ6, ಒಂಟೆ ಸಿ4 ಕುದುರೆ ಎಫ್6, ಕುದುರೆ ಜಿ5 ಡಿ5 ಎಂದು ಸಾಗಿದೆ (ಅಕ್ಷರ ಮತ್ತು ಅಂಕಿ ಚೌಕದ ಹೆಸರು; ಪ್ರತಿ ಜೋಡಿಯಲ್ಲಿ ಮೊದಲನೆಯದು ಬಿಳಿಯ ನಡೆ, ಎರಡನೆಯದು ಕಪ್ಪಿನದು; ಕಾಯಿಯ ಹೆಸರಿಲ್ಲದಿದ್ದರೆ ಅದು ಕಾಲಾಳಿನ ನಡೆ). ಇಲ್ಲಿಯವರೆಗೆ ತಪ್ಪೇನೂ ಇಲ್ಲ. ಬಿಳಿಯ ಕಾಲಾಳು ಡಿ5ರಲ್ಲಿ ಹೊಡೆದಾಗ ನೀವು ಅದನ್ನು ಕುದುರೆಯಿಂದ ಹೊಡೆದದ್ದು ಸಹಜವಾಗಿ ಕಂಡರೂ, ಆಟ ಕೆಟ್ಟದ್ದು ಅಲ್ಲಿಯೇ.

ಬಿಳಿಯ ಕುದುರೆ ಎಫ್7ಕ್ಕೆ ನುಗ್ಗಿ ಮಂತ್ರಿ ಮತ್ತು ಆನೆ ಎರಡಕ್ಕೂ ಒಮ್ಮೆಲೇ ಗುರಿಯಿಡುವುದರಿಂದ ರಾಜನೇ ಅದನ್ನು ಹೊಡೆಯಬೇಕಾಗುತ್ತದೆ. ಆಗ ಬಿಳಿಯ ಮಂತ್ರಿ ಎಫ್3ಕ್ಕೆ ಬಂದು ಶಹ (ರಾಜನ ಮೇಲೆ ನೇರ ದಾಳಿ) ಕೊಡುತ್ತಲೇ ಡಿ5ರ ಕುದುರೆಯನ್ನೂ ಬೆದರಿಸುತ್ತಾನೆ. ಆ ಕುದುರೆಯನ್ನು ಉಳಿಸಿಕೊಳ್ಳಲು ನಿಮ್ಮ ರಾಜ ಇ6ಕ್ಕೆ, ಎಂದರೆ ಹಲಗೆಯ ನಟ್ಟನಡುವಿಗೆ, ಬರಲೇಬೇಕು. ಮುಂದೆ ಬಿಳಿಯ ಇನ್ನೊಂದು ಕುದುರೆ ಸಿ3ಕ್ಕೆ ಬಂದು ಅದೇ ಡಿ5ರ ಮೇಲೆ ಒತ್ತಡ ಹೆಚ್ಚಿಸುತ್ತದೆ. ಸೀಮಿತ ಸಮಯದಲ್ಲಿ ಈ ಸ್ಥಿತಿಯನ್ನು ಕಾಯುವುದು ನುರಿತವರಿಗೂ ಬಹಳ ಕಷ್ಟ.

ಹಾಗಾಗಿ ಡಿ5ರ ಕಾಲಾಳನ್ನು ಹೊಡೆಯುವ ಬದಲು ಐದನೇ ನಡೆಯಲ್ಲಿ ಕುದುರೆಯನ್ನು ಸಿ6ರಿಂದ ಎ5ಕ್ಕೆ ಒಯ್ದು ಒಂಟೆಯನ್ನು ಕೆಣಕಿ. ಒಂಟೆ ಬಿ5ರಿಂದ ಶಹ ಕೊಟ್ಟರೆ ಸಿ6ರಲ್ಲಿ ಕಾಲಾಳನ್ನು ಅಡ್ಡ ಇಡಿ. ಒಂದು ಕಾಲಾಳು ಕಡಿಮೆಯಾದರೂ ನಿಮ್ಮ ಕಾಯಿಗಳು ಬೇಗ ಹೊರಬರುತ್ತವೆ. ನನ್ನ ಮಟ್ಟಿಗೆ ಅದು ನ್ಯಾಯವಾದ ಬೆಲೆ.