ಅಮೆರಿಕದ ಲೇಖಕ ನಥಾನಿಯಲ್ ಹಾಥಾರ್ನ್ ಬರೆದ ‘ಯಂಗ್ ಗುಡ್‌ಮನ್ ಬ್ರೌನ್’ ಕತೆಯಲ್ಲಿ ಮುದುಕನ ಕೋಲು ಏನನ್ನು ಸೂಚಿಸುತ್ತದೆ?

ಹಾವಿನಂತಿರುವ ಕೋಲು ಅಂದರೆ ಸೈತಾನ. ಕಲಬುರಗಿಯ ನಮ್ಮ ಬಿ.ಎ. ಹುಡುಗರು ಇಷ್ಟು ಬರೆದು ನಿಲ್ಲಿಸುತ್ತಾರೆ. ನನಗೆ ಜಾಸ್ತಿ ಮುಖ್ಯ ಅನಿಸುವುದು ಎರಡನೇ ಕೋಲು.

1835ರ ಈ ಕತೆಯಲ್ಲಿ, ಕಾಡಿನಲ್ಲಿ ಸಿಕ್ಕ ಮುದುಕ ಕಥಾನಾಯಕ ಬ್ರೌನ್‌ನನ್ನು ಎಳೆದೊಯ್ಯುವುದಿಲ್ಲ. ಮಾತಾಡುತ್ತಾ ನಡೆಯೋಣ, ಒಪ್ಪಿಗೆಯಾಗದಿದ್ದರೆ ವಾಪಸ್ ಹೋಗು ಅನ್ನುತ್ತಾನೆ. ನಮ್ಮೂರಿನ ಸೂಪರ್ ಮಾರ್ಕೆಟ್ ಬಜಾರಿನ ಬಟ್ಟೆ ಅಂಗಡಿಯವರು ‘ಸುಮ್ನೆ ನೋಡ್ರಿ, ತಗೋಳೋದು ಆಮ್ಯಾಗ’ ಅಂತಾರಲ್ಲ, ಹಾಗೆ. ನಿನ್ನ ಅಪ್ಪ, ಅಜ್ಜ ಇಬ್ಬರೂ ನನಗೆ ಪರಿಚಯ ಅಂತಲೂ ಸೇರಿಸುತ್ತಾನೆ.

ಆಮೇಲೆ ಮೇಪಲ್ ಕೊಂಬೆಯೊಂದನ್ನು ಮುರಿದು, ಊರುಗೋಲು ಮಾಡಲು ಅದರ ರೆಂಬೆ ಸವರುತ್ತಾನೆ; ಇದೇ ಎರಡನೇ ಕೋಲು. ಬೆರಳು ತಾಗಿದ್ದೇ ತಡ, ಆ ರೆಂಬೆಗಳು ಒಣಗಿಹೋಗುತ್ತವೆ. ಬ್ರೌನ್ ಮುಂದೆ ಬರಲ್ಲ ಅಂತ ಹಟ ಹಿಡಿದು ಕೂತಾಗ ಆ ಕೋಲನ್ನು ಅವನತ್ತ ಎಸೆದು ಹೊರಟೇಬಿಡುತ್ತಾನೆ. ಹೆಂಡತಿಯ ಗುಲಾಬಿ ರಿಬ್ಬನ್ ಕೈಗೆ ಸಿಕ್ಕ ಮೇಲೆ, ಅವಳೂ ಸೈತಾನನ ಕಡೆ ಹೋದಳು ಅನಿಸಿ, ಬ್ರೌನ್ ತಾನಾಗಿಯೇ ಆ ಕೋಲು ಹಿಡಿದು ಓಡುತ್ತಾನೆ. ಯಾರೂ ಬಲವಂತ ಮಾಡಿಲ್ಲ ನೋಡಿ.